ಹಳೇ ಕಾರಿಗೆ ಯಾವ ಆಯಿಲ್?

1998ರಲ್ಲಿ ರೆಸಿಡೆನ್ಸಿಗೆಂದು ಡೆಟ್ರಾಯಿಟ್‌ಗೆ ಬಂದಾಗ ನಾವು ಕೊಂಡದ್ದು ಲಕ್ಷ ಮೈಲಿ ಓಡಿದ್ದ ಕಾರು. ಆಯಿಲ್ ಕುಡಿಯುತ್ತಿತ್ತು. ಊರಿನಲ್ಲಿ ಅಪ್ಪನ ಅಂಬಾಸಿಡರಿಗೆ ಹಾಕುತ್ತಿದ್ದಂತೆ, ಹಳೇ ಎಂಜಿನ್ನಿಗೆ ಗಟ್ಟಿ ಆಯಿಲೇ ಸರಿ ಎಂದು 20ಡಬ್ಲ್ಯು-50 ಸುರಿದೆವು. ಜನವರಿಯ ಒಂದು ಬೆಳಿಗ್ಗೆ ಡ್ಯೂಟಿಗೆ ಹೊರಟರೆ ಎಂಜಿನ್ ನರಳಿತೇ ಹೊರತು ಸ್ಟಾರ್ಟ್ ಆಗಲಿಲ್ಲ. ರಾತ್ರಿಯಿಡೀ ನಿದ್ದೆಗೆಟ್ಟಿದ್ದ ಸಹೋದ್ಯೋಗಿ ನಮಗಾಗಿ ಇನ್ನೂ ಎರಡು ಗಂಟೆ ಕಾಯಬೇಕಾಯಿತು. ಆ ಮುಖ ಇಂದಿಗೂ ಮರೆತಿಲ್ಲ.

ರಕ್ತ ಗಟ್ಟಿಯಾದರೆ ಹೃದಯಕ್ಕೆ ಕಷ್ಟ ಎಂದು ಓದಿದ್ದ ನಮಗೆ ಇದು ಹೊಳೆಯಬೇಕಿತ್ತು! ಡಬ್ಲ್ಯು ಎಂದರೆ ವಿಂಟರ್. ಅದಕ್ಕೆ ಮೊದಲು ಬರುವ ಅಂಕಿ ಚಿಕ್ಕದಾದಷ್ಟೂ ಚಳಿಯಲ್ಲಿ ಆಯಿಲ್ ಸಲೀಸಾಗಿ ಹರಿಯುತ್ತದೆ. ನಂತರದ ಅಂಕಿ ಬಿಸಿ ಎಂಜಿನ್ನಿನ ಲೆಕ್ಕ. ಕಾರಿನ ಮ್ಯಾನ್ಯುಯಲ್ ಹೇಳಿದ್ದು 5ಡಬ್ಲ್ಯು-30.

ಈಗ ಮಗಳು ಹಳೇ ಕಾರು ಕೊಂಡಿದ್ದಾಳೆ. 75,000 ಮೈಲಿ ದಾಟಿದ ಕಾರುಗಳಿಗೆಂದೇ, ಒಣಗಿದ ಸೀಲುಗಳನ್ನು ಮೆದುವಾಗಿಸುವ 'ಹೈ ಮೈಲೇಜ್' ಆಯಿಲ್ ಸಿಗುತ್ತದೆ. ಅದೂ ಮ್ಯಾನ್ಯುಯಲ್ ಹೇಳಿದ ಅಂಕಿಯದ್ದೇ ಇರಲಿ, ಆಗಾಗ ಡಿಪ್‌ಸ್ಟಿಕ್ ನೋಡುತ್ತಿರು ಎಂದೆವು.

"ಪ್ರಿಸ್ಕ್ರಿಪ್ಷನ್ ಬರೆದುಕೊಡಿ ಅಪ್ಪಾ" ಎಂದಳು.

ಬರೆದುಕೊಟ್ಟೆವು, ಈ ಸಲ ಓದಲು ಬರುವಂತೆ.