ತಂಬುಳಿಯೂ ಬೇಕು, ಡಾಕ್ಟರೂ ಬೇಕು

ಬಾಣಂತನ ಮುಗಿಸಿ ತರೀಕೆರೆಗೆ ಮರಳಿದ ಮೇಲೆ ನನಗೆ ಯಾವುದೂ ಬೇಡವಾಯಿತು. ಹಾಲು ಉಕ್ಕುತ್ತಿದ್ದರೂ ಸುಮ್ಮನೆ ನೋಡುತ್ತ ನಿಲ್ಲುತ್ತಿದ್ದೆ. ಮಗು ಅತ್ತರೆ ನನಗೂ ಅಳು. ನಿಮಗೂ ಹೀಗಾಗಿದೆಯೇ? ಸೋಮಾರಿತನ ಎಂದರು ಕೆಲವರು, ದೃಷ್ಟಿ ಎಂದರು ಕೆಲವರು.

ಅಜ್ಜಂಪುರದಿಂದ ಅಮ್ಮ ಬಂದಳು, ಚೀಲದ ತುಂಬ ಒಂದೆಲಗ ತುಂಬಿಕೊಂಡು. ತುಪ್ಪದಲ್ಲಿ ಜೀರಿಗೆ, ಮೆಣಸು ಹುರಿದು, ಎಲೆ, ಕಾಯಿತುರಿ ಸೇರಿಸಿ ರುಬ್ಬಿ ಮಜ್ಜಿಗೆ ಬೆರೆಸಿದಳು. "ತಲೆಗೆ ತಂಪು ಕಣೇ, ಉಣ್ಣು." ಚೀನಾದಲ್ಲೂ ಮಂಕು ಕವಿದವರಿಗೆ ಗಿಡಮೂಲಿಕೆ ಕಷಾಯ ಕೊಡುತ್ತಾರೆ, ಸೂಜಿ ಚುಚ್ಚುತ್ತಾರೆ, ಅಮ್ಮನದು ಹಿತ್ತಲ ಮದ್ದು. ಬಾಯಿಗೆ ರುಚಿ ಬಂತು, ಸುಳ್ಳೇಕೆ ಹೇಳಲಿ? ನಿದ್ದೆ ಮಾತ್ರ ಬರಲಿಲ್ಲ. ಸಾಯಬೇಕು ಅನ್ನಿಸುತ್ತಿದ್ದುದನ್ನು ಅವಳಿಗೂ ಹೇಳಿರಲಿಲ್ಲ.

ಹೇಳಿದ ದಿನ ಅಮ್ಮ ರುಬ್ಬುವುದನ್ನು ಅರ್ಧಕ್ಕೇ ಬಿಟ್ಟು ಎದ್ದಳು. ಕಡೂರಿನ ಡಾಕ್ಟರು, ಇದು ಬಾಣಂತಿಯರಿಗೆ ಬರುವ ಖಿನ್ನತೆ, ಗುಣವಾಗುವ ಕಾಯಿಲೆ ಎಂದರು. ಮಾತ್ರೆಯ ಗುಣ ಕಾಣಲು ಕೆಲವು ವಾರ ಬೇಕು, ನಡುವೆ ಬಿಡಬಾರದು. ಕಷಾಯ, ಲೇಹ್ಯ ಏನೇ ತಗೊಂಡರೂ ಮುಚ್ಚಿಡಬಾರದು; ಕೆಲವು ಮಾತ್ರೆಗೆ ಹೊಂದುವುದಿಲ್ಲ. ಊಟದ ತಂಬುಳಿಗೆ ಅಡ್ಡಿಯಿಲ್ಲವೆಂದಾಗ ಅಮ್ಮನ ಮುಖ ನೋಡಬೇಕಿತ್ತು!

ಅಂಥ ಯೋಚನೆ ನಿಮಗೆ ಬಂದರೆ ಅವತ್ತೇ ಯಾರಿಗಾದರೂ ಹೇಳಿ. ಸರ್ಕಾರ 2022ರಲ್ಲಿ ಆರಂಭಿಸಿದ ಟೆಲಿ ಮಾನಸ್‌ಗೆ ಫೋನ್ ಮಾಡಿ, ನಂಬರು 14416. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಅಮ್ಮ ಈಗಲೂ ಸೊಪ್ಪು ತರುತ್ತಾಳೆ. ಚೀಲ ಇಳಿಸುವ ಮೊದಲೇ ಕೇಳುತ್ತಾಳೆ, "ರಾತ್ರಿ ನಿದ್ದೆ ಬಂತಾ?"