ಓನರ್ ಒಳಗಿದ್ದಾರೆ

ಕಳೆದ ಭಾನುವಾರ ಬೆಳಿಗ್ಗೆ ಮೈಸೂರಿನ ಮನೆ ಮುಂದೆ ನನ್ನ ಕಾರಿನ ಕೆಳಗೆ ಅಂಗಾತ ಮಲಗಿ ಎಂಜಿನ್ ಆಯಿಲ್ ಇಳಿಸ್ತಾ ಇದ್ದೆ. ಹೊರಗೆ ಕಾಣ್ತಾ ಇದ್ದದ್ದು ನನ್ನ ಎರಡು ಕಾಲು, ಒಂದು ಹಳೇ ಲುಂಗಿ ಅಷ್ಟೇ. ವಾಕಿಂಗ್ ಮುಗಿಸಿ ಬಂದ ಯಾರದೋ ಬಿಳೀ ಶೂ ಗೇಟಿನ ಹತ್ರ ನಿಂತವು.

"ಏನಪ್ಪಾ, ಮನೆಗೇ ಬಂದು ಮಾಡ್ಕೊಡ್ತೀಯಾ? ಎಷ್ಟು ತಗೋತೀಯ?"

ನಾನು ಕೈಲಿದ್ದ ಬೋಲ್ಟು ಬಿಡೋ ಹಾಗಿರಲಿಲ್ಲ. ಸುಮ್ಮನಿದ್ದೆ.

"ಓನರ್ ಇಲ್ವಾ?"

"ಒಳಗಿದ್ದಾರೆ ಸಾರ್" ಅಂದೆ.

ಶೂ ಹೊರಟುಹೋದವು. ಒಳಗಿದ್ದದ್ದು ನಮ್ಮವ್ವ ಒಬ್ಬಳೇ, ಸೊಪ್ಪು ಬಿಡಿಸ್ತಾ ಕೂತಿದ್ದಳು. ಯಾಕೆ ಹಾಗಂದೆ ಅಂತ ನನಗೇ ಗೊತ್ತಾಗಲಿಲ್ಲ. ನಗೂನೂ ಬಂತು, ಹೊಟ್ಟೆ ಒಳಗೆ ಏನೋ ಚುಚ್ಚಿದ ಹಾಗೂ ಆಯ್ತು. ಅದಕ್ಕೇ ಇದನ್ನ ಬರೀತಾ ಇದ್ದೀನಿ.

ಗೊತ್ತಿಲ್ಲದವರಿಗೆ ಮೊದಲೇ ಹೇಳಿಬಿಡ್ತೀನಿ. ಹೌದು, ನನ್ನ ಹತ್ರ ಬಿಎಂಡಬ್ಲ್ಯು ಇದೆ. 2013ರ 320ಡಿ. ನಾನು ಅದರ ಮೂರನೇ ಓನರ್. ಒಂದು ಹೊಸ ಸಣ್ಣ ಕಾರಿನ ಬೆಲೆಗೆ, ಸಾಲ ಮಾಡಿ ತಗೊಂಡದ್ದು. "ಹೋರಾಟಗಾರನಿಗೆ ಬಿಎಂಡಬ್ಲ್ಯು ಯಾಕೆ" ಅಂತ ಕೇಳೋರು ಬಾಬಾಸಾಹೇಬರ ಸೂಟು ಬೂಟು ನೋಡಿ ಮುಖ ಕಿವುಚಿದವರ ಮೊಮ್ಮಕ್ಕಳು. ಆ ಜಗಳ ಇವತ್ತು ಬೇಡ. ಇವತ್ತು ಆಯಿಲ್ ವಿಷಯ.

ಮೊದಲೆರಡು ಸಲ ನಾನೂ ಎಲ್ಲರ ಹಾಗೆ ಹೊರಗೇ ಕೊಟ್ಟೆ. ದುಬಾರಿ ಕಾರುಗಳನ್ನೆಲ್ಲ ನೋಡುವ ಒಂದು ವರ್ಕ್‌ಶಾಪು. ಎ.ಸಿ. ರೂಮು, ಗಾಜಿನ ಗೋಡೆ, ಕಾಫಿ. ಗಾಡಿ ಹತ್ರ ಹೋಗೋಕೆ ಮಾತ್ರ ಬಿಡೋದಿಲ್ಲ. ಎರಡೂ ಸಲ ಬಿಲ್ಲಿನಲ್ಲಿ ಆಯಿಲ್, ಫಿಲ್ಟರ್, ಲೇಬರ್ ಅಂತ ಸಾಲುಸಾಲಾಗಿ ಬರೆದು ಹದಿನೆಂಟು ಸಾವಿರದ ಮೇಲೆ ತಗೊಂಡರು. ಮೂರನೇ ಸಲ ಕೈ ಬಿಗಿಯಿತ್ತು. ನಾನೇ ಮಾಡ್ತೀನಿ ಅಂತ ಕೂತೆ. ಫಿಲ್ಟರ್ ಮುಚ್ಚಳ ಬಿಚ್ಚಿ ನೋಡಿದ್ರೆ ಒಳಗಿನ ಕಾಗದ ಕರ್ರಗೆ ನೆರಿಗೆ ಬಿದ್ದು ಮುದುಡಿ ಕೂತಿದೆ. ಮುಚ್ಚಳದ ರಬ್ಬರ್ ರಿಂಗು ಕಡ್ಡಿ ಥರ ಗಟ್ಟಿ, ಬಗ್ಗಿಸಿದರೆ ಮುರೀತು. ಅದನ್ನ ಯಾರೂ ಮುಟ್ಟೇ ಇರಲಿಲ್ಲ. ನಾನು ಎರಡು ಫಿಲ್ಟರಿಗೆ ದುಡ್ಡು ಕೊಟ್ಟಿದ್ದೆ!

ಅವತ್ತಿನಿಂದ ಈ ಕೆಲಸ ಬೇರೆಯವರಿಗೆ ಕೊಟ್ಟಿಲ್ಲ.

ಕೆಲಸ ಅಷ್ಟೇನೂ ಕಷ್ಟದ್ದಲ್ಲ ಮಾರಾಯ್ರೆ. ಹೆದರಿಸಿ ಇಟ್ಟಿದ್ದಾರೆ ಅಷ್ಟೆ. ನನಗೆ ಅರ್ಧ ಕಲಿಸಿದ್ದು ಯೂಟ್ಯೂಬು, ಇನ್ನರ್ಧ ನಮ್ಮ ರಸ್ತೆ ತಿರುವಿನ ಗ್ಯಾರೇಜಿನ ಬಾಯ್. ಮೊದಲು ಒಂದು ರೌಂಡ್ ಓಡಿಸಿ ಎಂಜಿನ್ ಬೆಚ್ಚಗೆ ಮಾಡಬೇಕು, ಆಗ ಆಯಿಲ್ ತೆಳ್ಳಗಾಗಿ ಪೂರ್ತಿ ಇಳಿಯುತ್ತೆ. ಆಮೇಲೆ ಜಾಕ್ ಕೊಟ್ಟು ಎತ್ತಿ ಎರಡೂ ಕಡೆ ಸ್ಟ್ಯಾಂಡ್ ಇಡಬೇಕು. ಬರೀ ಜಾಕ್ ನಂಬಿ ಯಾರೂ ಗಾಡಿ ಕೆಳಗೆ ಹೋಗಬೇಡಿ, ಜಾಕ್ ಜಾರಿ ಸತ್ತವರಿದ್ದಾರೆ. ಈ ಎಂಜಿನ್ನಿನಲ್ಲಿ ಫಿಲ್ಟರ್ ಇರೋದು ಮೇಲ್ಗಡೆ. ಮೊದಲು ಅದರ ಮುಚ್ಚಳ ಸಡಿಲ ಮಾಡಿದರೆ ಅಲ್ಲಿರೋ ಎಣ್ಣೆಯೂ ಕೆಳಗೆ ಇಳಿಯುತ್ತೆ. ಆಮೇಲೆ ಕೆಳಗೆ ಹೋಗಿ ಹೊಟ್ಟೆಯ ಪ್ಲಾಸ್ಟಿಕ್ ತಟ್ಟೆ ಬಿಚ್ಚಿ, ಚೇಂಬರಿನ ಬೋಲ್ಟು ತಿರುಗಿಸಬೇಕು. ಕೊನೇ ಸುತ್ತಿನಲ್ಲಿ ಬಿಸಿ ಎಣ್ಣೆ ಮೊಣಕೈವರೆಗೂ ಹರಿಯೋದು ಗ್ಯಾರಂಟಿ.

ಪೂರ್ತಿ ಸೋರೋಕೆ ಇಪ್ಪತ್ತು ನಿಮಿಷ ಬಿಡಿ. ಹೊಸ ಫಿಲ್ಟರು, ಹೊಸ ರಬ್ಬರ್ ರಿಂಗು, ಬೋಲ್ಟಿಗೆ ಹೊಸ ವಾಷರು, ಮೂರೂ ಒಂದೇ ಡಬ್ಬಿಯಲ್ಲಿ ಬರುತ್ತವೆ. ಬೋಲ್ಟಿಗೂ ಫಿಲ್ಟರ್ ಮುಚ್ಚಳಕ್ಕೂ ಕಂಪನಿ ಹೇಳಿರೋ ಬಿಗಿ 25 ನ್ಯೂಟನ್ ಮೀಟರ್. ಅದಕ್ಕೆ ಟಾರ್ಕ್ ರೆಂಚ್ ಬೇಕು. ಸ್ಪ್ಯಾನರಿಗೆ ಪೈಪು ಹಾಕಿ ಎಳೀಬೇಡಿ. "ಸಾರ್, ಚೇಂಬರ್ ಥ್ರೆಡ್ ಹೋದ್ರೆ ನೀವೂ ಹೋದ್ರಿ" ಅಂತ ಬಾಯ್ ಮೊದಲ ದಿನವೇ ಹೇಳಿದ್ದ. ಆಮೇಲೆ 5.2 ಲೀಟರ್ ಹೊಸ ಆಯಿಲ್. ಅಂಗಡಿಯವನು 5ಡಬ್ಲ್ಯು-30 ಅಂದ ಅಂತ ತಂದುಬಿಡಬೇಡಿ, ಡಬ್ಬಿ ಮೇಲೆ ಲಾಂಗ್‌ಲೈಫ್-04 ಅಂತ ಇದೆಯಾ ನೋಡಿ. ಬೂದಿ ಕಡಿಮೆ ಬಿಡೋ ಆಯಿಲ್ ಅದು, ಹೊಗೆಯ ಮಸಿ ಹಿಡಿಯೋ ಫಿಲ್ಟರ್ ಕಟ್ಟಿಕೊಳ್ಳಬಾರದು ಅಂತ ಮಾಡಿದ್ದು. ಎಲ್ಲ ಸೇರಿ ನನಗೆ ಏಳು ಸಾವಿರ ದಾಟಿಲ್ಲ.

ಹತ್ತು ಸಾವಿರ ಕಿಲೋಮೀಟರಿಗೆ ನಾನು ಬದಲಾಯಿಸಿಬಿಡ್ತೀನಿ, ಗಾಡಿಯ ಕಂಪ್ಯೂಟರು ಇನ್ನೂ ಟೈಮ್ ಇದೆ ಅಂದರೂ ಕೇಳಲ್ಲ. ಯಾಕಂದ್ರೆ ಈ ಎಂಜಿನ್ನಿನ ಟೈಮಿಂಗ್ ಚೈನ್ ಇರೋದು ಹಿಂದೆ, ಗೇರ್‌ಬಾಕ್ಸ್ ಕಡೆ. ಅದಕ್ಕೇನಾದರೂ ಆದರೆ ಎಂಜಿನ್ನೇ ಇಳಿಸಬೇಕು. ಆ ಖರ್ಚು ನೆನೆಸಿಕೊಂಡರೆ ಭಾನುವಾರದ ನಿದ್ದೆ ಏನೂ ಅಲ್ಲ.

ನನಗೆ ಸಿಟ್ಟು ಬರಿಸೋದು ಒಂದೇ. ಈ ಗಾಡಿಗೆ ಡಿಪ್‌ಸ್ಟಿಕ್ ಇಲ್ಲ. ನಮ್ಮ ಹಳೇ ಮಾರುತಿಯಲ್ಲಾದರೆ ಕಡ್ಡಿ ಎಳೆದು, ಬಟ್ಟೆಗೆ ಒರೆಸಿ, ಮತ್ತೆ ಅದ್ದಿ ನೋಡಿದರೆ ಮುಗೀತು. ಬಣ್ಣ, ವಾಸನೆ, ಬೆರಳಿಗೆ ಹತ್ತೋ ಜಿಡ್ಡು, ಎಲ್ಲ ಗೊತ್ತಾಗ್ತಿತ್ತು. ಇಲ್ಲಿ ಎಂಜಿನ್ ಬಿಸಿ ಆಗಬೇಕು, ಗಾಡಿ ಸಮತಟ್ಟಾದ ಜಾಗದಲ್ಲಿ ನಿಂತಿರಬೇಕು, ಆಮೇಲೆ ಸ್ಕ್ರೀನಿನಲ್ಲಿ ಹುಡುಕಿ ಕೇಳಿದರೆ ಅದು ಮನಸ್ಸು ಬಂದಾಗ ಒಂದು ಗೆರೆ ತೋರಿಸುತ್ತೆ. ನಮ್ಮ ಎಣ್ಣೆ, ನಮ್ಮ ಗಾಡಿ, ನಾವೇ ನೋಡೋ ಹಾಗಿಲ್ಲ. ಸರ್ವಿಸ್ ಲೈಟ್ ಆರಿಸೋಕೂ ಅವರ ಹತ್ರವೇ ಹೋಗಬೇಕು ಅಂತ ಎಷ್ಟೋ ಜನ ನಂಬಿದ್ದಾರೆ. ಈ ಮಾಡೆಲ್‌ನಲ್ಲಿ ಇಗ್ನಿಷನ್ ಆನ್ ಮಾಡಿ, ಮೀಟರಿನ ಟ್ರಿಪ್ ಬಟನ್ ಹತ್ತು ಸೆಕೆಂಡ್ ಒತ್ತಿ ಹಿಡಿದರೆ ಮೆನು ತಾನಾಗಿ ಬರುತ್ತೆ. ಇಷ್ಟೇ ಅದರ ಗುಟ್ಟು.

2014ರ ಆಗಸ್ಟ್‌ನಲ್ಲಿ ಭಾರತೀಯ ಸ್ಪರ್ಧಾ ಆಯೋಗ 14 ಕಾರು ಕಂಪನಿಗಳಿಗೆ ಒಟ್ಟು 2,500 ಕೋಟಿ ರೂಪಾಯಿಗೂ ಹೆಚ್ಚು ದಂಡ ಹಾಕಿತ್ತು. ಬಿಡಿಭಾಗ, ತಪಾಸಣೆಯ ಸಾಧನ, ತಾಂತ್ರಿಕ ಮಾಹಿತಿ ಯಾವುದೂ ಹೊರಗಿನ ಗ್ಯಾರೇಜುಗಳಿಗೆ ಸಿಗದ ಹಾಗೆ ಮಾಡಿದ್ದಾರೆ ಅಂತ. ಕಂಪನಿಗಳು ಮೇಲ್ಮನವಿ ಹೋದವು, ಅದು ಬೇರೆ ಕತೆ. ವಿದ್ಯೆಗೆ ಬೀಗ ಹಾಕೋ ಬುದ್ಧಿ ನಮಗೇನೂ ಹೊಸದಲ್ಲ ಬಿಡಿ.

ಇಷ್ಟೆಲ್ಲ ಜಂಬದಿಂದ ಕಾರಿನ ಕೆಳಗಿಂದ ಎದ್ದು ಬಂದರೆ ಬಾಗಿಲಲ್ಲಿ ಅವ್ವ ನಿಂತಿದ್ದಳು.

"ಯಾಕ್ ಮಗ, ಓನರ್ ಒಳಗವ್ರೆ ಅಂದೆ?"

ನಾನು ಮಾತಾಡಲಿಲ್ಲ.

"ಕೈ ನೋಡ್ಕೊ ಒಸಿ. ನಿಮ್ಮಪ್ಪನ ಕೈ ಮಸಿ ತೊಳ್ದು ತೊಳ್ದೇ ನನ್ ಆಯಸ್ಸು ಮುಗ್ದೋಯ್ತು. ನೀನು ಪೆನ್ ಹಿಡೀಲಿ ಅಂತ ಓದ್ಸುದ್ದು. ದುಡ್ ಕೊಟ್ರೆ ಮಾಡೋರಿಲ್ವಾ ಊರಲ್ಲಿ?"

ನಮ್ಮಪ್ಪ ಮಳವಳ್ಳಿ ಕಡೆಯ ಹಳ್ಳಿಯೊಂದರ ದೊಡ್ಡ ಮನೆಯಲ್ಲಿ ಜೀತಕ್ಕಿದ್ದ. ಆ ಮನೆಯ ಕಬ್ಬಿನ ಗಾಡಿಗೆ ಕೀಲೆಣ್ಣೆ ಹಾಕೋದು ಅವನ ಕೆಲಸ. ಮೂಕಿಗೆ ಊರುಗೋಲು ಕೊಟ್ಟು, ಕಡಾಣಿ ಕಿತ್ತು, ಗಾಲಿ ಒಂಚೂರು ಹೊರಗೆಳೆದು, ಸುಟ್ಟ ಹುಲ್ಲಿನ ಮಸಿಗೆ ಹಳ್ಳೆಣ್ಣೆ ಕಲಸಿದ್ದನ್ನ ಅಚ್ಚಿಗೆ ಬಳೀತಿದ್ದ. ಜಾತ್ರೆಗೆ ಅದೇ ಗಾಡಿ ಹೊರಟಾಗ ಮನೆಯವರೆಲ್ಲ ಕಮಾನಿನ ಒಳಗೆ, ಅಪ್ಪ ಹಿಂದೆ ನಡ್ಕೊಂಡು. ಗಾಲಿ ಕೀರಲಿಲ್ಲ ಅಂದ್ರೆ ಅಪ್ಪನ ಕೆಲಸ ಚೆನ್ನಾಗಿದೆ ಅಂತ ಅರ್ಥ. ಯಾರೂ ಅದನ್ನ ಬಾಯಿಬಿಟ್ಟು ಹೇಳಿದವರಲ್ಲ. ಕೀರಿದರೆ ಮಾತ್ರ ಅವನ ಹೆಸರು ಹಿಡಿದು ಕೂಗ್ತಿದ್ದರು.

ಅವ್ವನಿಗೆ ನಾನೇನು ಹೇಳಲಿ? ಅಮೆರಿಕದಲ್ಲಿ ಡಾಕ್ಟರು, ಪ್ರೊಫೆಸರು ಕೂಡ ರಜದ ದಿನ ಗ್ಯಾರೇಜಿನಲ್ಲಿ ಆಯಿಲ್ ಬದಲಾಯಿಸ್ತಾರೆ, ಅದನ್ನ ಹವ್ಯಾಸ ಅಂತಾರೆ ಅಂತಲಾ? ಅವರ ಉಗುರಿನ ಮಸಿ ಸೋಮವಾರ ಹೋಗುತ್ತೆ. ನಮ್ಮಪ್ಪನದು ಮಣ್ಣಿಗೆ ಹೋಗೋವರೆಗೂ ಇತ್ತು. ಕೆಲಸ ಎರಡೂ ಒಂದೇ ಅಂತ ಭಾಷಣದಲ್ಲಿ ನಾನೇ ಹೇಳಿದ್ದೀನಿ. ಬಾಗಿಲಲ್ಲಿ ನಿಂತ ಅವ್ವನ ಮುಂದೆ ಹೇಳೋಕಾಗಲಿಲ್ಲ. ಶ್ರಮದ ಘನತೆ ಅಂತ ಮಾತಾಡೋ ನಾನೇ, ಬಿಳೀ ಶೂ ಮುಂದೆ ಓನರ್ ನಾನೇ ಅಂತ ಹೇಳಲಿಲ್ಲ. ಮೆಕ್ಯಾನಿಕ್ ಅನ್ನಿಸಿಕೊಳ್ಳೋದು ಅವಮಾನ ಅಲ್ಲ ಅಂತ ತೋರಿಸೋಕೆ ಸುಮ್ಮನಿದ್ದೆನಾ, ಇಲ್ಲಾ "ಈ ಕಾರು ನಿಂದಾ?" ಅನ್ನೋ ಮುಂದಿನ ಪ್ರಶ್ನೆಗೆ ಹೆದರಿದೆನಾ? ನೀವೇ ಹೇಳಿ.

ಸಂಜೆ ಹಳೇ ಎಣ್ಣೆ ಕ್ಯಾನಿಗೆ ತುಂಬಿಕೊಂಡು ಬಾಯ್ ಗ್ಯಾರೇಜಿಗೆ ಹೋದೆ. ಈ ಎಣ್ಣೆ ಚರಂಡಿಗೆ ಸುರಿಯೋ ಹಾಗಿಲ್ಲ. 2016ರ ನಿಯಮಗಳ ಪ್ರಕಾರ ಇದು ಅಪಾಯಕಾರಿ ತ್ಯಾಜ್ಯ, ಪರವಾನಗಿ ಇರೋ ಮರುಬಳಕೆ ಘಟಕಕ್ಕೇ ಹೋಗಬೇಕು. ಆದರೆ ನಡೆಯೋದೇನು? ಕಟ್ಟಡದ ಸೆಂಟ್ರಿಂಗ್ ಹಲಗೆಗೆ ಬಳಿಯೋಕೆ ಅಂತ ಮೇಸ್ತ್ರಿಗಳು ಕ್ಯಾನುಗಟ್ಟಲೆ ಒಯ್ತಾರೆ. ಬರಿಗೈಯಲ್ಲಿ ಬಟ್ಟೆ ಅದ್ದಿ ಬಳಿಯೋ ಹೆಂಗಸರು ಯಾವ ಕೇರಿಯವರು ಅಂತ ನಾನು ಹೇಳಬೇಕಾ? ಎಂಜಿನ್ನಿನಲ್ಲಿ ಬೆಂದ ಎಣ್ಣೆಯಲ್ಲಿ ಕ್ಯಾನ್ಸರ್ ತರೋ ಪದಾರ್ಥಗಳಿರುತ್ತವೆ, ವರ್ಷಗಟ್ಟಲೆ ಚರ್ಮಕ್ಕೆ ತಾಗೋದು ಒಳ್ಳೇದಲ್ಲ. ಬಾಯ್ ತನ್ನ ಡ್ರಮ್ಮನ್ನ ಪರವಾನಗಿ ಇರೋ ಗಾಡಿಗೇ ಕೊಡೋದು, ರಸೀದಿ ತೋರಿಸಿದ. ಅವನ ಹತ್ರ ಕೆಲಸಕ್ಕಿರೋ ಹುಡುಗ ಕೈಗೆ ಏನೂ ಹಾಕಿರಲಿಲ್ಲ. ನನ್ನ ಹತ್ರ ಉಳಿದಿದ್ದ ನೈಟ್ರೈಲ್ ಗ್ಲೌಸಿನ ಡಬ್ಬಿ ಕೊಟ್ಟೆ. "ಇದಾಕ್ಕೊಂಡ್ರೆ ನಟ್ಟು ಕೈಗೆ ಸಿಗಲ್ಲ ಅಣ್ಣ" ಅಂತ ನಕ್ಕ. ತಗೊಂಡ. ಹಾಕ್ಕೋತಾನೋ ಇಲ್ವೋ. ನನ್ನದೂ ಅವತ್ತು ಫಿಲ್ಟರ್ ಬಿಚ್ಚೋವಾಗ ಹರಿದೇ ಹೋಗಿತ್ತು.

ಮನೆಗೆ ಬಂದಾಗ ಅವ್ವ ಜಗಲಿ ಮೇಲೆ ಕೂತಿದ್ದಳು. ಸಿಟ್ಟು ಇಳಿದಿರಲಿಲ್ಲ. ಆದರೂ ಕೈ ಹಿಡಿದು ಎಳೆದು ಕೂರಿಸಿಕೊಂಡು ಕೊಬ್ಬರಿ ಎಣ್ಣೆ ಸುರಿದು ಉಜ್ಜಿದಳು. ಸೋಪು ಆಮೇಲೆ, ಮೊದಲು ಎಣ್ಣೆಗೆ ಎಣ್ಣೆ. ಉಗುರಿನ ಸಂದಿಯದನ್ನ ತೆಂಗಿನ ಕಡ್ಡಿಯಲ್ಲಿ ತೆಗೆದಳು. ನಾನು ಮೂರು ಸಲ ಸೋಪು ಹಚ್ಚಿದರೂ ಹೋಗದ್ದು ಐದು ನಿಮಿಷದಲ್ಲಿ ಹೋಯ್ತು.

"ಮುಂದುಕ್ ಮಾಡೋದಾದ್ರೆ ಶುರು ಮಾಡೋಕ್ ಮೊದ್ಲೇ ಒಸಿ ಹಳ್ಳೆಣ್ಣೆ ಸವುರ್ಕೊ" ಅಂದಳು. "ಉಗುರ್ಗೆ ಮಸಿ ಇಳಿಯಾಕಿಲ್ಲ. ನಿಮ್ಮಪ್ಪಂಗೂ ಹೇಳ್ತಿದ್ದೆ. ಎಲ್ ಕೇಳ್ತಿದ್ದ."