ಬಂಡೆಯ ಬುಡದಲ್ಲೊಂದು ಟೀ

ಮಧುಗಿರಿ ಬೆಟ್ಟವನ್ನು ಏಪ್ರಿಲ್‌ನಲ್ಲಿ ಹತ್ತಬೇಡಿ ಎಂದು ಊರಿನವರು ಹೇಳುತ್ತಾರೆ. ಸಂಶೋಧನಾ ವಿದ್ಯಾರ್ಥಿಗೆ ಬಿಡುವು ಸಿಗುವುದು ಮಾತ್ರ ಆಗಲೇ. ಸಮುದ್ರಮಟ್ಟದಿಂದ 3,930 ಅಡಿ ಎತ್ತರವಿರುವ ಈ ಏಕಶಿಲೆ ಹೊತ್ತು ಏರುತ್ತಿದ್ದಂತೆ ಕಾದ ಹಂಚಾಗುತ್ತದೆ. ಮೊದಲಿಗೆ ಮೆಟ್ಟಿಲುಗಳಿವೆ. ಮೇಲಕ್ಕೆ ಹೋದಂತೆ ಪಾದ ಊರುವಷ್ಟು ಕೊರೆದ ಕಚ್ಚುಗಳು, ಹಿಡಿದುಕೊಳ್ಳಲು ಕಬ್ಬಿಣದ ಸರಳು. ಆ ಸರಳನ್ನು ಹನ್ನೊಂದು ಗಂಟೆಗೆ ಒಮ್ಮೆ ಮುಟ್ಟಿ ನೋಡಬೇಕು!

1763ರಲ್ಲಿ ಬಿದನೂರನ್ನು ಗೆದ್ದ ಹೈದರಾಲಿ, ಕೆಳದಿಯ ರಾಣಿ ವೀರಮ್ಮಾಜಿಯನ್ನು ತಂದು ಸೆರೆಯಿಟ್ಟದ್ದು ಇಲ್ಲಿಯೇ. 1767ರಲ್ಲಿ ಪೇಶ್ವೆ ಮಾಧವರಾಯನ ಮರಾಠಾ ಪಡೆ ಕೋಟೆ ಹಿಡಿದಾಗ ಅವಳಿಗೆ ಬಿಡುಗಡೆ. ತಿಂಗಳುಗಟ್ಟಲೆ ಮಳೆ ಸುರಿಯುವ ಸೀಮೆಯ ಹೆಣ್ಣುಮಗಳು ಈ ಬೋಳು ಕಲ್ಲಿನ ಮೇಲೆ ಬೇಸಿಗೆಗಳನ್ನು ಹೇಗೆ ಕಳೆದಳೋ. ಪಾಳೆಯಗಾರರ ಕೋಟೆಗಳ ಬಗ್ಗೆ ಪಿಎಚ್‌ಡಿ ಮಾಡುತ್ತಿರುವ ನನ್ನ ಟಿಪ್ಪಣಿಯಲ್ಲಿ ಇದಕ್ಕೆ ಜಾಗವಿಲ್ಲ, ಆದರೂ ಹತ್ತುವಾಗ ತಲೆಯಲ್ಲಿದ್ದದ್ದು ಇದೇ.

ಜಪಾನಿನ ಹಿಮೇಜಿ ಕೋಟೆಗೆ ಹೋಗಿಬಂದ ಗೆಳತಿಯೊಬ್ಬಳು ಅಲ್ಲಿಯ ಟೀಮನೆಯನ್ನು ಬಹಳ ಹೊಗಳಿದ್ದಳು. ಕೋಟೆಯ ಪಕ್ಕದ ಕೊಕೊ-ಎನ್ ತೋಟದಲ್ಲಿ ಮಂಡಿಯೂರಿ ಕೂತು, ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು, ನೊರೆ ಎಬ್ಬಿಸಿದ ಹಸಿರು ಟೀ ಕುಡಿಯುತ್ತಾರಂತೆ. ನಮ್ಮ ಕೋಟೆಗೂ ಒಂದಿದೆ. ತಗಡಿನ ಶೀಟು, ಹುಣಸೆಮರದ ನೆರಳು, ಎರಡು ಬೆಂಚು, ಗ್ಯಾಸ್ ಒಲೆ.

"ಅಕ್ಕಾ, ಮೊದಲು ನೀರು. ಆಮೇಲೆ ಟೀ."

ನಲ್ಲಿಯತ್ತ ಹೋದವನನ್ನು ಆಕೆ ತಡೆದರು. "ಅದು ಬೋರ್ ನೀರು ಕಣಪ್ಪಾ. ಕ್ಯಾನಿಂದು ಕೊಡ್ತೀನಿ ತಡಿ."

ಅವರ ತವರು ಪಾವಗಡದ ಕಡೆ. "ನಮ್ಮಣ್ಣನ ಹಲ್ಲು ನೋಡ್ಬೇಕಿತ್ತು ನೀನು. ಹಳದಿ ಅಲ್ಲ, ಕಂದು. ನಲವತ್ತಕ್ಕೇ ಮಂಡಿ ಮಡಚಕ್ಕಾಗಲ್ಲ." ಪಾವಗಡ, ಸಿರಾ, ಮಧುಗಿರಿ ಕಡೆಯ ಎಷ್ಟೋ ಮನೆಗಳ ಕತೆ ಇದು. ಕೊಳವೆಬಾವಿ ಆಳಕ್ಕಿಳಿದಂತೆ ಕಲ್ಲಿನೊಳಗಿನ ಫ್ಲೋರೈಡ್ ನೀರಿಗೆ ಬರುತ್ತದೆ. ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಮೊದಲು ಹಲ್ಲು, ಆಮೇಲೆ ಮೂಳೆ. ಕುದಿಸಿದರೂ ಹೋಗುವಂಥದ್ದಲ್ಲ. ಹಾಗಾಗಿ ಆಕೆ ದಿನಾ ಶುದ್ಧ ನೀರಿನ ಘಟಕದ ಮುಂದೆ ನಾಣ್ಯ ಹಿಡಿದು ನಿಂತು, ಇಪ್ಪತ್ತು ಲೀಟರಿನ ಕ್ಯಾನು ಹೊತ್ತು ತರುತ್ತಾರೆ. ಟೀಗೂ ಅದೇ ನೀರು.

ಟೀ ಚೆನ್ನಾಗಿತ್ತು, ಶುಂಠಿ ಸ್ವಲ್ಪ ಜಾಸ್ತಿ.

"ಅಲ್ಲಪ್ಪಾ, ಮೇಲೆ ಅಷ್ಟೊಂದು ಸೈನ್ಯ ಇತ್ತಂತಲ್ಲ, ಅವರಿಗೆ ನೀರು?"

ದೊಣೆಗಳ ಬಗ್ಗೆ ಹೇಳಿದೆ. ಬಂಡೆಯ ಮೇಲೆ ಬಿದ್ದ ಮಳೆ ಹರಿದು ಬಂದು ತಗ್ಗುಗಳಲ್ಲಿ ನಿಲ್ಲುತ್ತದೆ. ಅದು ಇರುವಷ್ಟು ದಿನ ಕೋಟೆ, ಮುಗಿದರೆ ಶರಣಾಗತಿ. ಗೋಡೆ ಎಷ್ಟು ದಪ್ಪವಿದ್ದರೇನು. ರಾಣಿಯ ವಿಷಯವನ್ನೂ ಹೇಳಿದೆ. ಆಕೆ ಸೋಸುತ್ತಿದ್ದ ಪಾತ್ರೆ ಕೆಳಗಿಟ್ಟು ಬೆಟ್ಟದ ಕಡೆ ನೋಡಿದರು.

"ಮಳೆನೀರಾ? ಹಂಗಾದ್ರೆ ಸೆರೆಯಾಗಿದ್ರೂ ಆಯಮ್ಮ ನಮಗಿಂತ ಒಳ್ಳೇ ನೀರು ಕುಡಿದ್ಲು ಬಿಡು."

ನಕ್ಕೆವು. ಆಕೆಯ ನಗು ಬೇಗ ನಿಂತಿತು.

ಮಾರನೆಯ ದಿನ ಕೊರಟಗೆರೆ ತಾಲ್ಲೂಕಿನ ಚನ್ನರಾಯನದುರ್ಗ ಹತ್ತಿದೆ. ಅಲ್ಲಿ ಬಾಗಿಲುಗಳನ್ನು ಅಳೆಯುವ ಮುಂಚೆ ದೊಣೆಗಳನ್ನು ಹುಡುಕಿದೆ. ಒಂದರಲ್ಲಿ ಮೊಣಕಾಲಷ್ಟು ನೀರಿತ್ತು, ಮೇಲೆ ಪಾಚಿ, ಅದರ ನಡುವೆ ಒಂದು ನೀಲಿ ಪ್ಲಾಸ್ಟಿಕ್ ಬಾಟಲಿ.